ಪ್ಯಾನಿಂಗ್, ಪೆನಿಂಗ್, ಪಿನಿಂಗ್: ತರಗತಿಯಲ್ಲಿ ಕಂಡುಕೊಂಡ ಪಾಠಗಳು

ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ಕಾಲೇಜಿಗೆ ಬರುವ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ನನ್ನ ವೃತ್ತಿ. ನನ್ನ ತರಗತಿಯ ಬಹುಪಾಲು ಮಕ್ಕಳು ಗದಗ, ಮುಂಡರಗಿ, ಶಿರಹಟ್ಟಿ ಸುತ್ತಲಿನ ಹಳ್ಳಿಗಳವರು. ಇವರಿಗೆ ಕಷ್ಟವಾಗುವುದು ವ್ಯಾಕರಣ ಎಂದು ಹೊರಗಿನವರು ತಿಳಿದಿರುತ್ತಾರೆ. ವ್ಯಾಕರಣವನ್ನು ಅವರು ಹೇಗೋ ಕಲಿತುಬಿಡುತ್ತಾರೆ. ಕಾಡುವುದು ಒಂದರಂತೆ ಇನ್ನೊಂದು ಕೇಳಿಸುವ ಪದಗಳು, ಜೊತೆಗೆ ಒಂದೇ ರೂಪದಲ್ಲಿ ನಾಲ್ಕಾರು ಅರ್ಥ ಹೊತ್ತು ಬರುವ ಪದಗಳು. ಎರಡು ತೊಡಕೂ ಒಟ್ಟಿಗೆ ಸಿಗುವ ಜಾಗ ‘ಪ್ಯಾನಿಂಗ್’. ಅದರ ಅಕ್ಕಪಕ್ಕದಲ್ಲೇ ಪೆನಿಂಗ್, ಪಿನಿಂಗ್, ಪನಿಂಗ್, ಪೇನಿಂಗ್, ಪೈನಿಂಗ್, ಪಾನಿಂಗ್ ಸಾಲಾಗಿ ನಿಂತಿವೆ. ಹಾಗಾಗಿ ಪ್ರತಿ ವರ್ಷ ಈ ಒಂದು ಬಳಗವನ್ನೇ ಹಿಡಿದು ಕಲಿಸುತ್ತೇನೆ. ಇದನ್ನು ಬಿಡಿಸಿಕೊಂಡ ಹುಡುಗ ಹುಡುಗಿಯರು ಬೇರೆ ಬಳಗಗಳನ್ನು ತಾವೇ ಬಿಡಿಸಿಕೊಳ್ಳುತ್ತಾರೆ. ಹೀಗೆ ಕಲಿಸುತ್ತ ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಕಿವಿ, ಕಾಗುಣಿತ ಕೊನೆಗೆ

ಮೊದಲ ದಿನ ಬೋರ್ಡಿನ ಮೇಲೆ ಏನನ್ನೂ ಬರೆಯುವುದಿಲ್ಲ. ಪ್ಯಾನ್‌ಗೆ ಒಂದು ಬೆರಳು, ಪೆನ್‌ಗೆ ಎರಡು, ಪಿನ್‌ಗೆ ಮೂರು, ಪನ್‌ಗೆ ನಾಲ್ಕು ಎಂದು ಹೇಳಿ, ಒಂದೊಂದಾಗಿ ಪದ ಉಚ್ಚರಿಸುತ್ತ ಹೋಗುತ್ತೇನೆ. ಮಕ್ಕಳು ಕೇಳಿದ್ದಕ್ಕೆ ತಕ್ಕ ಬೆರಳು ಎತ್ತಬೇಕು. ಪಿನ್‌ಗೆ ಎಲ್ಲರೂ ಮೂರು ಬೆರಳು ಎತ್ತುತ್ತಾರೆ. ಪನ್‌ಗೂ ಹೆಚ್ಚು ತಪ್ಪುವುದಿಲ್ಲ. ಪ್ಯಾನ್ ಮತ್ತು ಪೆನ್ ಬಂದಾಗ ಮಾತ್ರ ಅರ್ಧ ತರಗತಿ ಒಂದು ಬೆರಳು, ಅರ್ಧ ತರಗತಿ ಎರಡು.

ಇದಕ್ಕೆ ಕಾರಣ ಸರಳ. ಪಿನ್ನಿನ ಸ್ವರ ನಮ್ಮ ‘ಇಲಿ’ಯಲ್ಲಿದೆ, ಪೆನ್ನಿನದು ‘ಎಲೆ’ಯಲ್ಲಿದೆ, ಪನ್‌ನದು ಹೆಚ್ಚುಕಡಿಮೆ ‘ಅಡಿಕೆ’ಯ ಮೊದಲ ಅಕ್ಷರವೇ. ಪ್ಯಾನ್‌ನ ಸ್ವರಕ್ಕೆ ಮಾತ್ರ ನಮ್ಮ ವರ್ಣಮಾಲೆಯಲ್ಲಿ ಪ್ರತ್ಯೇಕ ಅಕ್ಷರ ಇಲ್ಲ. ಈ ನಾಲ್ಕರಲ್ಲಿ ಕಷ್ಟದ ಸ್ವರ ಒಂದೇ ಒಂದು ಎಂದು ಗೊತ್ತಾದ ಕೂಡಲೇ ಮಕ್ಕಳ ಮುಖ ಬದಲಾಗುತ್ತದೆ. ಇಂಗ್ಲಿಷ್ ಪೂರ್ತಿ ತಮ್ಮ ಕೈಗೆಟುಕದ್ದು ಎಂದುಕೊಂಡು ಬಂದಿರುತ್ತಾರೆ. ಹೊಸದಾಗಿ ಕಲಿಯಬೇಕಾದದ್ದು ಎಷ್ಟು ಎಂದು ಅಳೆದು ತೋರಿಸಿದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.

2. ಆ ಸ್ವರವೂ ಮನೆಯಲ್ಲೇ ಇದೆ

ವರ್ಣಮಾಲೆಯಲ್ಲಿ ಇಲ್ಲದ ಆ ಸ್ವರ ನಮ್ಮ ಮಾತಿನಲ್ಲಿ ಧಾರಾಳವಾಗಿದೆ. ‘ಬೇಡ’ ಎಂದು ಬರೆಯುತ್ತೇವೆ, ‘ಬ್ಯಾಡ’ ಎನ್ನುತ್ತೇವೆ. ‘ಹೇಗೆ’ ಬರವಣಿಗೆಯಲ್ಲಿ, ‘ಹ್ಯಾಂಗ’ ಬಾಯಲ್ಲಿ. ‘ಮೇಲೆ’ ಎಂಬುದು ‘ಮ್ಯಾಲ’. ಉತ್ತರ ಕರ್ನಾಟಕದಲ್ಲಷ್ಟೇ ಅಲ್ಲ, ಹಳೇ ಮೈಸೂರಿನ ಹಳ್ಳಿಗಳಲ್ಲೂ ‘ಬ್ಯಾಡ’, ‘ಮ್ಯಾಲೆ’ ಕೇಳುತ್ತೀರಿ. ಇಂಗ್ಲಿಷಿನ ಪ್ಯಾನ್‌ನಲ್ಲಿರುವುದು ಇದೇ ಸ್ವರ, ಅಷ್ಟು ಎಳೆಯುವುದಿಲ್ಲ ಅಷ್ಟೆ.

ಒಬ್ಬ ಹುಡುಗಿ ಎಷ್ಟು ಸಲ ಹೇಳಿಸಿದರೂ ‘ಪೆನ್’ ಎಂದೇ ಹೇಳುತ್ತಿದ್ದಳು. ‘ಊಟಕ್ಕ ಇನ್ನೊಂದು ರೊಟ್ಟಿ ಹಾಕಲೇನು ಅಂತ ಅವ್ವ ಕೇಳಿದ್ರ, ಸಾಕಾಗಿದ್ರ ಏನಂತೀಯವ್ವಾ?’ ಎಂದು ಕೇಳಿದೆ. ‘ಬ್ಯಾಡ ಅಂತೀನ್ರೀ ಸರ’ ಅಂದಳು. ‘ಬ್ಯಾ ಅನ್ನೋದನ್ನ ಹಿಡಿದು ನಿಲ್ಲಿಸು. ಈಗ ಮುಂದಿನ ಬ ತೆಗೆದು ಪ ಹಾಕು, ಹಿಂದೆ ನ್ ಸೇರಿಸು.’ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು, ಪ್ಯಾನ್ ಹೊರಗೆ ಬಂತು. ಆಮೇಲೆ ಪೆನ್, ಪ್ಯಾನ್, ಪೆನ್, ಪ್ಯಾನ್ ಎಂದು ತಾನೇ ಅದಲುಬದಲು ಮಾಡಿ ಹೇಳತೊಡಗಿದಳು. ಪೆನ್‌ಗೆ ದವಡೆ ಸ್ವಲ್ಪ ಇಳಿದರೆ ಸಾಕು, ಪ್ಯಾನ್‌ಗೆ ಇನ್ನೂ ಕೆಳಕ್ಕೆ ಇಳಿಯಬೇಕು. ಗಲ್ಲದ ಕೆಳಗೆ ಎರಡು ಬೆರಳಿಟ್ಟುಕೊಂಡು ಹೇಳಿದರೆ ಬೆರಳಿಗೇ ಈ ವ್ಯತ್ಯಾಸ ತಿಳಿಯುತ್ತದೆ.

ಇಲ್ಲಿ ನಮ್ಮ ಲಿಪಿಯಿಂದ ಒಂದು ಎಡವಟ್ಟಾಗುತ್ತದೆ. ‘ಪ್ಯಾ’ ಎಂದು ಯ-ಒತ್ತು ಕೊಟ್ಟು ಬರೆಯುವುದರಿಂದ ಓದುವಾಗ ‘ಪ್-ಯಾ-ನ್’ ಎಂದು ನಡುವೆ ಯಕಾರ ನುಸುಳುತ್ತದೆ. ಇಂಗ್ಲಿಷಿನಲ್ಲಿ ಆ ಯಕಾರ ಇಲ್ಲ. ‘ಬ್ಯಾಡ’ ಎನ್ನುವಾಗ ನಮ್ಮ ಅವ್ವಂದಿರೂ ಯಕಾರ ಹಚ್ಚಿ ಹೇಳುವುದಿಲ್ಲ. ಆದ್ದರಿಂದ ಪುಸ್ತಕದ ಅಕ್ಷರಕ್ಕಿಂತ ಅವ್ವನ ಮಾತನ್ನು ಅನುಸರಿಸಿ ಎನ್ನುತ್ತೇನೆ.

ಈ ಪಾಠಕ್ಕೆ ಇನ್ನೊಂದು ಬೆಲೆಯೂ ಇದೆ. ‘ಬ್ಯಾಡ’, ‘ಹ್ಯಾಂಗ’ ಎಂದರೆ ಹಳ್ಳಿ ಭಾಷೆ, ತಿದ್ದಿಕೊಳ್ಳಬೇಕು ಎಂದು ಈ ಮಕ್ಕಳಿಗೆ ಶಾಲೆಯುದ್ದಕ್ಕೂ ಹೇಳಲಾಗಿರುತ್ತದೆ. ಅದೇ ಮಾತು ಇಂಗ್ಲಿಷಿನ ಒಂದು ಕಠಿಣ ಸ್ವರಕ್ಕೆ ನೇರ ದಾರಿ ಎಂದು ಅವರಿಗೆ ತೋರಿಸಿಕೊಡುವುದು ನನ್ನ ಕೆಲಸದಲ್ಲೇ ನನಗೆ ಅತ್ಯಂತ ಇಷ್ಟವಾದ ಭಾಗ.

3. ಜೋಡಿ ಅಕ್ಷರ ಕಂಡರೆ ಒತ್ತಬೇಡಿ

ಕನ್ನಡದಲ್ಲಿ ಒತ್ತಕ್ಷರ ಬಂದರೆ ಅರ್ಥವೇ ಬೇರೆ. ಹಳಿ ಬೇರೆ, ಹಳ್ಳಿ ಬೇರೆ. ಎಲೆ ಬೇರೆ, ಎಲ್ಲೆ ಬೇರೆ. ಕತೆಗೆ ಒಂದು ಒತ್ತು ಬಿದ್ದರೆ ಕತ್ತೆಯಾಗುತ್ತದೆ. ಈ ಅಭ್ಯಾಸದಿಂದಾಗಿ ಇಂಗ್ಲಿಷಿನಲ್ಲಿ ಎರಡು ‘ಎನ್’ ಕಂಡ ಕೂಡಲೇ ನಮ್ಮವರು ‘ಪ್ಯಾನ್ನಿಂಗ್’, ‘ಪ್ಲ್ಯಾನ್ನಿಂಗ್’, ‘ರನ್ನಿಂಗ್’ ಎಂದು ಒತ್ತಿ ಹೇಳುತ್ತಾರೆ. ಇಂಗ್ಲಿಷಿನವರು ಅಲ್ಲಿ ಒಂದೇ ‘ನ’ ಹೇಳುತ್ತಾರೆ. ಈ ಬರಹದಲ್ಲಿ ನಾನು ಪೆನಿಂಗ್, ಪಿನಿಂಗ್ ಎಂದು ಬರೆದಿರುವುದೂ ಅದಕ್ಕೇ.

ಹಾಗಾದರೆ ಎರಡು ‘ಎನ್’ ಯಾಕೆ? ಅದು ಹಿಂದಿನ ಸ್ವರಕ್ಕೆ ಕಾವಲು. ಜೋಡಿ ಇದ್ದರೆ ಹಿಂದಿನ ಸ್ವರ ಗಿಡ್ಡ, ಒಂಟಿ ಇದ್ದರೆ ಸಾಮಾನ್ಯವಾಗಿ ಉದ್ದ. ಪಿನ್ ಚುಚ್ಚುವ ‘ಪಿನಿಂಗ್’ಗೆ ಎರಡು ಎನ್, ಹಂಬಲಿಸಿ ಕೊರಗುವ ‘ಪೈನಿಂಗ್’ಗೆ ಒಂದು. ಯೋಜನೆ ಹಾಕುವ ಪ್ಲ್ಯಾನಿಂಗ್‌ಗೆ ಎರಡು, ಬಡಗಿ ಹಲಗೆಗೆ ಉಜ್ಜುಗೊರಡು ಹಾಕುವ ಪ್ಲೇನಿಂಗ್‌ಗೆ ಒಂದು. ಡಬ್ಬಿಯಲ್ಲಿ ಆಹಾರ ತುಂಬಿ ಮುಚ್ಚುವ ಕ್ಯಾನಿಂಗ್‌ಗೆ ಎರಡು, ಬೆತ್ತದಿಂದ ಹೊಡೆಯುವ ಕೇನಿಂಗ್‌ಗೆ ಒಂದು. ಈ ಮೂರು ಜೋಡಿ ಬಾಯಿಗೆ ಬಂದರೆ ಸಾಕು, ನಿಯಮವನ್ನು ಬರೆಸಿ ಕಂಠಪಾಠ ಮಾಡಿಸುವ ಅಗತ್ಯ ಬೀಳುವುದಿಲ್ಲ. ನೆನಪಿಡಲು ಹುಡುಗರು ತಾವೇ ಹೊಸ ಜೋಡಿ ಹುಡುಕಿ ತರುತ್ತಾರೆ: ಡಿನರ್ ಮತ್ತು ಡೈನರ್, ಹಾಪಿಂಗ್ ಮತ್ತು ಹೋಪಿಂಗ್.

4. ತುಟಿಯ ಕೆಲಸ

ಫ್ಯಾನಿಗೆ ‘ಪ್ಯಾನ್’ ಎನ್ನುವವರು ನಮ್ಮಲ್ಲಿ ಬಹಳ. ಮನೆಯಲ್ಲಿ ‘ಪ್ಯಾನ್ ಹಚ್ಚು’ ಎಂದರೆ ಗಾಳಿಯೇ ಬರುತ್ತದೆ, ತೊಂದರೆಯಿಲ್ಲ. ಸಂದರ್ಶನದಲ್ಲಿ ಫ್ಯಾನಿಂಗ್ ಎನ್ನಬೇಕಾದಲ್ಲಿ ಪ್ಯಾನಿಂಗ್ ಬಂದರೆ ಎದುರಿನವರು ತಡವರಿಸುತ್ತಾರೆ. ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಉಸಿರು ಸೋರಬೇಕು. ಅಷ್ಟು ಮಾಡಿದರೆ ಫ್ಯಾನ್.

ಇನ್ನೊಂದು ಸೂಕ್ಷ್ಮ ಇದೆ. ಇಂಗ್ಲಿಷ್ ಮನೆಮಾತಾಗಿರುವವರು ಪದದ ಮೊದಲ ‘ಪ’ವನ್ನು ಉಸಿರು ಕೊಟ್ಟು ಹೇಳುತ್ತಾರೆ, ಅಂಗೈ ಬಾಯೆದುರು ಹಿಡಿದರೆ ಗಾಳಿ ತಾಗುತ್ತದೆ. ನಮ್ಮ ‘ಪ’ ಅಲ್ಪಪ್ರಾಣ. ಹಾಗಾಗಿ ನಾವು ಹೇಳಿದ ಪ್ಯಾನಿಂಗ್ ಅವರಿಗೆ ಕೆಲವೊಮ್ಮೆ ಬ್ಯಾನಿಂಗ್, ಅಂದರೆ ನಿಷೇಧ ಎಂದು ಕೇಳಿಸುತ್ತದೆ. ಹೊರದೇಶದ ಗ್ರಾಹಕರ ಜೊತೆ ಫೋನಿನಲ್ಲಿ ಮಾತಾಡುವ ಕೆಲಸಕ್ಕೆ ಹೋಗುವ ಮಕ್ಕಳಿಗೆ ಇದನ್ನು ಹೇಳಿಕೊಡುತ್ತೇನೆ. ಉಳಿದವರಿಗೆ ಬೇಕಿಲ್ಲ.

5. ಅರ್ಥವನ್ನು ನೆರೆಯ ಪದದಲ್ಲಿ ಹುಡುಕಿ

ಈಗ ‘ಪ್ಯಾನಿಂಗ್’ಗೆ ಬರೋಣ. ಇಂಗ್ಲಿಷ್-ಕನ್ನಡ ನಿಘಂಟು ತೆರೆದರೆ ಮೊದಲು ಸಿಗುವುದು ಬಾಣಲೆ, ತವೆ, ಅಗಲ ಪಾತ್ರೆ. ಪತ್ರಿಕೆಯಲ್ಲಿ ವಿಮರ್ಶಕರು ಸಿನಿಮಾವನ್ನು ‘ಪ್ಯಾನ್’ ಮಾಡಿದರು ಎಂದು ಓದಿದ ವಿದ್ಯಾರ್ಥಿಗೆ ಬಾಣಲೆ ಕೈಯಲ್ಲಿ ಹಿಡಿದು ಏನು ಮಾಡಬೇಕೋ ತಿಳಿಯುವುದಿಲ್ಲ. ಅರ್ಥಗಳ ಪಟ್ಟಿ ಬರೆಸಿದರೆ ಪರೀಕ್ಷೆ ಮುಗಿಯುವವರೆಗೂ ಅದು ನಿಲ್ಲುವುದಿಲ್ಲ. ಅದಕ್ಕೆ ನಾನು ಒಂದೇ ಸಿನಿಮಾ ಹಿಡಿದು ನಾಲ್ಕು ಅರ್ಥ ತೋರಿಸುತ್ತೇನೆ. ಆ ಸಿನಿಮಾ ‘ಶೋಲೆ’.

1975ರ ಆಗಸ್ಟ್ 15ರಂದು ಬಿಡುಗಡೆಯಾದ ಈ ಚಿತ್ರದ ರಾಮಗಢ ನಮ್ಮ ರಾಮನಗರ. ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರ ಕ್ಯಾಮೆರಾ ಅಲ್ಲಿನ ಹೆಬ್ಬಂಡೆಗಳನ್ನು ಹಿಡಿದದ್ದು ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಾಲೂರಿದ ಜಾಗ ಬಿಡದೆ ಕ್ಯಾಮೆರಾದ ಮುಖವನ್ನು ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ತಿರುಗಿಸುತ್ತ ಚಿತ್ರಿಸಿದರೆ ಅದು ಪ್ಯಾನಿಂಗ್. ಮೇಲಿಂದ ಕೆಳಕ್ಕೆ ತಿರುಗಿಸಿದರೆ ಅದಕ್ಕೆ ಟಿಲ್ಟ್ ಎನ್ನುತ್ತಾರೆ. ಕ್ಯಾಮೆರಾವನ್ನೇ ಹಳಿಯ ಮೇಲೆ ಒಯ್ದರೆ ಟ್ರ್ಯಾಕಿಂಗ್. ಈ ಅರ್ಥದಲ್ಲಿ ಪಕ್ಕದ ಪದ ಸಾಮಾನ್ಯವಾಗಿ ದಿಕ್ಕನ್ನು ಹೇಳುತ್ತದೆ: ಲೆಫ್ಟ್, ರೈಟ್, ಅಕ್ರಾಸ್.

ಎರಡನೆಯದು ಸದ್ದು. ‘ಶೋಲೆ’ 70 ಎಂಎಂ ಪರದೆಯಲ್ಲಿ ಸ್ಟೀರಿಯೊಫೋನಿಕ್ ಧ್ವನಿಯೊಂದಿಗೆ ಬಂತು. ಚಿತ್ರದ ನಾಯಕರಲ್ಲೊಬ್ಬನಾದ ಜೈ ನಾಣ್ಯ ಚಿಮ್ಮಿದಾಗ ಅದು ತಮ್ಮ ಕುರ್ಚಿಯ ಬಳಿಯೇ ಬಿತ್ತೇನೋ ಎಂದು ಜನ ಬಗ್ಗಿ ನೋಡುತ್ತಿದ್ದರಂತೆ, ಹಿರಿಯರು ಈಗಲೂ ಈ ಮಾತು ತೆಗೆಯುತ್ತಾರೆ. ಒಂದು ಸದ್ದು ಎಡಗಡೆಯ ಸ್ಪೀಕರಿನಲ್ಲಿ ಎಷ್ಟು, ಬಲಗಡೆಯದರಲ್ಲಿ ಎಷ್ಟು ಕೇಳಬೇಕು ಎಂದು ಹಂಚುವುದೂ ಪ್ಯಾನಿಂಗ್. ಧ್ವನಿಮುದ್ರಣ ಕೇಂದ್ರದ ಮಿಕ್ಸರ್ ಮೇಲೆ ಅದಕ್ಕಾಗಿ ತಿರುಗಿಸುವ ಗುಂಡಿಗೆ ‘ಪ್ಯಾನ್ ಪಾಟ್’ ಎನ್ನುತ್ತಾರೆ. ಇಯರ್‌ಫೋನ್ ಹಾಕಿಕೊಂಡು ಇಳಯರಾಜ ಅವರ ಯಾವುದಾದರೂ ಸ್ಟೀರಿಯೊ ಹಾಡು ಕೇಳಿ, ಯಾವ ವಾದ್ಯ ಯಾವ ಕಿವಿಯಲ್ಲಿ ಎಂದು ಬರೆದು ತನ್ನಿ ಎಂದರೆ ಮರುದಿನ ತರಗತಿಯಲ್ಲಿ ಮಾತಿಗೆ ಬರವಿರುವುದಿಲ್ಲ.

ಮೂರನೆಯದು ವಿಮರ್ಶೆ. ಬಿಡುಗಡೆಯಾದ ಹೊಸತರಲ್ಲಿ ಹಲವು ವಿಮರ್ಶಕರು ‘ಶೋಲೆ’ಯನ್ನು ಕಟುವಾಗಿ ತೆಗಳಿದರು, ಅಂದರೆ ‘ಪ್ಯಾನ್’ ಮಾಡಿದರು. ಇಲ್ಲಿ ಕರ್ತೃ ವಿಮರ್ಶಕ ಅಥವಾ ಪತ್ರಿಕೆ. ಕರ್ಮ ಸಿನಿಮಾ, ನಾಟಕ, ಪುಸ್ತಕದಂಥ ಒಂದು ಕೃತಿ. ಮಗ ತಪ್ಪು ಮಾಡಿದನೆಂದು ಅಪ್ಪ ಬೈದರೆ ಅದಕ್ಕೆ ಈ ಪದ ಒಗ್ಗುವುದಿಲ್ಲ.

ನಾಲ್ಕನೆಯದು ಫಲಿತಾಂಶ. ಮೊದಲು ಮಂಕಾಗಿದ್ದ ಚಿತ್ರ ಬಾಯಿಂದ ಬಾಯಿಗೆ ಹರಡಿ ಮುಂಬೈಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷ ಓಡಿತು. ಅಂದುಕೊಂಡದ್ದು ಹೀಗೆ ಕೈಗೂಡಿದರೆ ‘ಪ್ಯಾನ್ಡ್ ಔಟ್’. ‘ಔಟ್’ ಎಂಬ ಪುಟ್ಟ ಪದ ಬೆನ್ನಿಗೆ ಬಂತೆಂದರೆ ತೆಗಳಿಕೆಯೂ ಇಲ್ಲ, ಕ್ಯಾಮೆರಾವೂ ಇಲ್ಲ.

ಇಷ್ಟಾದ ಮೇಲೆ ಮಕ್ಕಳಿಗೆ ನಾನು ಹೇಳುವುದಿಷ್ಟು: ಪ್ಯಾನ್ ಎಂಬ ಪದವನ್ನೇ ದಿಟ್ಟಿಸಿ ನೋಡಬೇಡಿ, ಅದರ ಮುಂದಿನ ಪದ ನೋಡಿ. ದಿಕ್ಕು ಬಂದರೆ ಕ್ಯಾಮೆರಾ ಅಥವಾ ಸದ್ದು. ಕೃತಿ ಬಂದರೆ ವಿಮರ್ಶೆ. ‘ಔಟ್’ ಬಂದರೆ ಫಲಿತಾಂಶ. ‘ಫಾರ್’ ಬಂದರೆ ಚಿನ್ನ.

6. ಚಿನ್ನದ ಪ್ಯಾನಿಂಗ್ ಅನ್ನು ಕೈಯಿಂದಲೇ ಕಲಿಸಬೇಕು

‘ಪ್ಯಾನಿಂಗ್ ಫಾರ್ ಗೋಲ್ಡ್’ ಎಂಬುದನ್ನು ‘ಚಿನ್ನಕ್ಕಾಗಿ ಹುಡುಕಾಟ’ ಎಂದು ಬರೆಸಿ ಮುಂದೆ ಹೋಗಬಹುದು. ಹಾಗೆ ಮಾಡಿದರೆ ಒಂದು ಒಳ್ಳೆಯ ಅವಕಾಶ ತಪ್ಪುತ್ತದೆ. ಯಾಕೆಂದರೆ ಈ ಕೆಲಸದ ಕೌಶಲ ನಮ್ಮ ಅಡುಗೆಮನೆಯಲ್ಲೇ ಇದೆ.

ಅಕ್ಕಿ ಗಾಳಿಸುವುದನ್ನು ನೋಡಿರುತ್ತೀರಿ. ಅಗಲ ಪಾತ್ರೆಯಲ್ಲಿ ಅಕ್ಕಿ, ಮೇಲೆ ನೀರು. ಪಾತ್ರೆಯನ್ನು ಓರೆಯಾಗಿ ಹಿಡಿದು ಮೆಲ್ಲಗೆ ತೊನೆಯುತ್ತ ಇದ್ದರೆ ಅಕ್ಕಿ ನೀರಿನೊಂದಿಗೆ ತೇಲಿ ಇನ್ನೊಂದು ಪಾತ್ರೆಗೆ ಜಾರುತ್ತದೆ, ಭಾರದ ಕಲ್ಲು ತಳದಲ್ಲಿ ಉಳಿಯುತ್ತದೆ. ಚಿನ್ನ ತೆಗೆಯುವವರದೂ ಇದೇ ತೊನೆತ. ಅವರು ಹಗುರವಾದದ್ದನ್ನು ಚೆಲ್ಲಿ ತಳದಲ್ಲಿ ಉಳಿದದ್ದನ್ನು ಇಟ್ಟುಕೊಳ್ಳುತ್ತಾರೆ. ಅಷ್ಟೇ ಗಾತ್ರದ ನೀರಿಗಿಂತ ಮರಳು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು ಭಾರ, ಕಬ್ಬಿಣದ ಅಂಶವಿರುವ ಕಪ್ಪು ಮರಳು ಸುಮಾರು ಐದು ಪಟ್ಟು, ಚಿನ್ನ 19 ಪಟ್ಟಿಗೂ ಹೆಚ್ಚು. ಹಾಗಾಗಿ ಮೊದಲು ಬಿಳಿ ಮರಳು ಹೋಗುತ್ತದೆ, ಆಮೇಲೆ ತಾಳ್ಮೆಯಿಂದ ಕಪ್ಪು ಮರಳನ್ನು ಸರಿಸಬೇಕು, ಕೊನೆಗೆ ಹಳದಿ ಕಣ ಕಂಡರೆ ಕಾಣುತ್ತದೆ. ತರಗತಿಗೆ ಒಂದು ಸ್ಟೀಲ್ ತಟ್ಟೆ, ಮರಳು, ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು, ಒಂದು ಬಕೆಟ್ ನೀರು ತರಿಸುತ್ತೇನೆ. ಮನೆಯಲ್ಲಿ ಅಕ್ಕಿ ಗಾಳಿಸಿ ರೂಢಿ ಇರುವ ಹುಡುಗಿಯರ ಕೈಯಲ್ಲಿ ಸೀಸದ ಗುಂಡುಗಳು ಬೇಗ ಬೇರ್ಪಡುತ್ತವೆ. ಹುಡುಗರು ಜೋರಾಗಿ ಅಲುಗಿಸಿ ಗುಂಡನ್ನೂ ಬಕೆಟ್ಟಿಗೆ ಚೆಲ್ಲುತ್ತಾರೆ, ಆಮೇಲೆ ಆ ಹುಡುಗಿಯರಿಂದಲೇ ಕಲಿಯುತ್ತಾರೆ.

1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸಟರ್ಸ್ ಮಿಲ್ ಬಳಿ ಜೇಮ್ಸ್ ಮಾರ್ಷಲ್ ಕಣ್ಣಿಗೆ ಚಿನ್ನ ಬಿದ್ದ ಮೇಲೆ ಲಕ್ಷಾಂತರ ಜನ ತಟ್ಟೆ ಹಿಡಿದು ಅಲ್ಲಿನ ಹೊಳೆಗಳಿಗೆ ಇಳಿದರು. ‘ಪ್ಯಾನ್ ಔಟ್’ ಎಂಬ ನುಡಿಗಟ್ಟು ಅಮೆರಿಕದ ಇಂಥ ಚಿನ್ನದ ಹೊಳೆಗಳಿಂದಲೇ ಬಂದದ್ದು: ತೊಳೆದ ಮೇಲೆ ತಟ್ಟೆಯಲ್ಲಿ ಏನು ಉಳಿಯಿತು ಎಂಬುದೇ ಫಲಿತಾಂಶ.

ಇದನ್ನು ಹೇಳುವಾಗ ನಮ್ಮ ಊರಿನ ಮಾತನ್ನೂ ಹೇಳದೆ ಇರಲಾರೆ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆ ಬಿದ್ದ ಮೇಲೆ ಮರಳು ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದ ಜಾಲಗಾರರ ವಿವರ ಬ್ರಿಟಿಷರ ಕಾಲದ ಧಾರವಾಡ ಗ್ಯಾಜೆಟಿಯರಿನಲ್ಲಿದೆ. ಕೋಲಾರದ ಮಾರಿಕುಪ್ಪಂ ಸುತ್ತ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಕಂಡು ದಾಖಲಿಸಿದ. ಕೋಲಾರದ ಗಣಿ ಮತ್ತು ಇಂದಿಗೂ ನಡೆಯುತ್ತಿರುವ ರಾಯಚೂರು ಜಿಲ್ಲೆಯ ಹಟ್ಟಿ ಗಣಿಯ ಕೆಲಸ ಮಾತ್ರ ಪ್ಯಾನಿಂಗ್ ಅಲ್ಲ. ಅಲ್ಲಿ ಆಳದ ಬಂಡೆ ಒಡೆದು, ಪುಡಿ ಮಾಡಿ ಚಿನ್ನ ತೆಗೆಯುತ್ತಾರೆ, ಅದಕ್ಕೆ ಮೈನಿಂಗ್ ಎನ್ನಬೇಕು. ಕಪ್ಪತಗುಡ್ಡದ ಬುಡದ ಊರಿನಿಂದ ಬಂದ ಹುಡುಗನಿಗೆ ಈ ಎರಡರ ವ್ಯತ್ಯಾಸವನ್ನು ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆ ಎಂದರೆ ಎಂಟು ಬರೆಯುತ್ತಾನೆ. ಗೊತ್ತಿರುವ ಸಂಗತಿಯ ಬಗ್ಗೆ ಬರೆಯುವಾಗ ಭಾಷೆ ಹಿಂದೆ ಉಳಿಯುವುದಿಲ್ಲ.

7. ನಿಘಂಟಿನ ಪುಟ್ಟ ಅಂಕೆಗಳನ್ನು ಓದಲು ಕಲಿಸಿ

ಒಳ್ಳೆಯ ಇಂಗ್ಲಿಷ್ ನಿಘಂಟಿನಲ್ಲಿ ಪದದ ಹೆಗಲ ಮೇಲೆ ಪುಟ್ಟ 1, 2 ಇರುತ್ತದೆ. ಹಾಗಿದ್ದರೆ ಅವು ಬೇರೆ ಬೇರೆ ಪದಗಳು, ಕಾಗುಣಿತ ಆಕಸ್ಮಿಕವಾಗಿ ಒಂದೇ ಆಗಿದೆ ಎಂದರ್ಥ. ಪದದ ಕೆಳಗೆ ಬರುವ 1, 2, 3 ಒಂದೇ ಪದದ ಕವಲುಗಳು. ಈ ವ್ಯತ್ಯಾಸವನ್ನು ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಪ್ಯಾನ್ ಹೀಗೆ ಎರಡು. ಬಾಣಲೆ, ಚಿನ್ನ ತೊಳೆಯುವುದು, ತೆಗಳುವುದು ಮೊದಲ ಪದದ ಕವಲುಗಳು. ಕ್ಯಾಮೆರಾದ್ದು ಎರಡನೆಯ ಪದ, ಅದು ‘ಪನೋರಮಾ’ದ ಮೊಟಕು ರೂಪ. ಸದ್ದಿನ ಪ್ಯಾನ್ ಕೂಡ ಅಲ್ಲಿಂದಲೇ. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ ನೋಡುಗರನ್ನು ನಡುವೆ ನಿಲ್ಲಿಸಿ ಸುತ್ತಲೂ ದುಂಡಗೆ ಚಿತ್ರ ಹರಡುವ ಪದ್ಧತಿಗೆ 1787ರಲ್ಲಿ ಪೇಟೆಂಟ್ ಪಡೆದ. ಗ್ರೀಕ್ ಭಾಷೆಯ ‘ಎಲ್ಲ’ ಮತ್ತು ‘ನೋಟ’ ಎಂಬ ಎರಡು ಮಾತು ಸೇರಿ ಅದಕ್ಕೆ ಪನೋರಮಾ ಎಂಬ ಹೆಸರಾಯಿತು. ಪ್ಯಾನ್ ಇಂಡಿಯಾ ಸಿನಿಮಾ, ಪ್ಯಾಂಡೆಮಿಕ್ ಎಂಬಲ್ಲಿ ಇರುವುದೂ ಈ ‘ಎಲ್ಲ’. ಪ್ಯಾನಿಕ್ ಮಾತ್ರ ಬೇರೆ, ಅದು ಗ್ರೀಕರ ಪ್ಯಾನ್ ಎಂಬ ಅಡವಿಯ ದೇವರಿಂದ ಬಂದದ್ದು.

ಪೆನ್ ಕೂಡ ಹೀಗೆಯೇ. ಬರೆಯುವ ಪೆನ್ ಲ್ಯಾಟಿನ್ನಿನ ಗರಿಯಿಂದ ಬಂದರೆ ಕುರಿ ಕೂಡುವ ದೊಡ್ಡಿಯ ಪೆನ್ ಹಳೆಯ ಇಂಗ್ಲಿಷಿನದು. ಕೃಷಿ ಪದವಿ ಓದುವ ಹುಡುಗನೊಬ್ಬ ಪಠ್ಯದ ‘ಶೀಪ್ ಪೆನಿಂಗ್’ ಎಂಬ ಮಾತಿಗೆ ಅರ್ಥ ಕೇಳಿಕೊಂಡು ಬಂದ. ಅವನ ಮನೆಯವರು ಕುರಿಗಾರರು. ರಾತ್ರಿ ಹೊಲದಲ್ಲಿ ಕುರಿ ತರುಬಿ, ಹಿಕ್ಕೆ ಮತ್ತು ಗಂಜಲದಿಂದ ಹೊಲಕ್ಕೆ ಗೊಬ್ಬರ ಕೊಟ್ಟು, ಹೊಲದವರಿಂದ ಕಾಳು ಪಡೆಯುವುದು ಅವರ ಮನೆತನದ ಕಸುಬೇ. ‘ನಿಮ್ಮ ಅಪ್ಪ ಮಾಡೂದು ಅದನ್ನ’ ಎಂದೆ. ಅವನು ಆ ಅಧ್ಯಾಯವನ್ನು ತರಗತಿಗೆ ತಾನೇ ವಿವರಿಸಿದ: ಕುರಿಗಳನ್ನು ಎಷ್ಟು ಹೊತ್ತಿಗೆ ಹಟ್ಟಿಗೆ ತರಬೇಕು, ಬಲೆ ಹೇಗೆ ಕಟ್ಟಬೇಕು, ಮರುರಾತ್ರಿ ಹೊಲದ ಯಾವ ಮಗ್ಗುಲಿಗೆ ಜಾಗ ಬದಲಿಸಬೇಕು ಎಂಬುದೆಲ್ಲ ಅವನ ಬಾಯಲ್ಲಿತ್ತು.

8. ‘ಕಾಲು ನೋಯ್ತಿದೆ’ಯನ್ನು ಹಾಗೇ ಒಯ್ಯಬೇಡಿ

ಪೇನಿಂಗ್ ಎಂಬ ರೂಪ ನಮ್ಮ ದೇಶದ ಇಂಗ್ಲಿಷಿನಲ್ಲಿ ಬೇರೂರಿದೆ. ‘ಮೈ ಲೆಗ್ ಈಸ್ ಪೇನಿಂಗ್’ ಎಂದರೆ ಇಲ್ಲಿ ಯಾವ ಡಾಕ್ಟರಿಗೂ ಅರ್ಥವಾಗುತ್ತದೆ. ಇಂಗ್ಲೆಂಡಿನಲ್ಲಿ ‘ಹರ್ಟ್ಸ್’ ಎನ್ನುತ್ತಾರೆ. ಅವರಲ್ಲಿ ‘ಪೇನ್’ ಕ್ರಿಯಾಪದವಾಗಿ ಬಂದರೆ ಬಹುಮಟ್ಟಿಗೆ ಮನಸ್ಸಿನ ನೋವು. ಇಲ್ಲೇ ಇರುವವರು ಹಾಗೇ ಹೇಳಲಿ, ನಾನು ತಿದ್ದುವುದಿಲ್ಲ. ಹೊರದೇಶಕ್ಕೆ ಹೊರಟ ನರ್ಸಿಂಗ್ ವಿದ್ಯಾರ್ಥಿಗಳಿಗೆ ಮಾತ್ರ ಪಟ್ಟು ಹಿಡಿದು ಹೇಳುತ್ತೇನೆ. ಪೈನಿಂಗ್ ಎಂದರೆ ಇಲ್ಲದವರಿಗಾಗಿ ಹಂಬಲಿಸಿ ಸೊರಗುವುದು. ಪೇನ್, ಪೈನ್ ಎರಡರ ಮೂಲವೂ ದಂಡನೆ ಎಂಬ ಅರ್ಥದ ಒಂದೇ ಲ್ಯಾಟಿನ್ ಪದ. ಪೈನ್ ಮರಕ್ಕೂ ಇದಕ್ಕೂ ಸಂಬಂಧವಿಲ್ಲ.

9. ಪನಿಂಗ್ ಮಾಡಲು ಬಂದರೆ ಕಿವಿ ಪಳಗಿತು

ಪನಿಂಗ್ ಎಂದರೆ ಶ್ಲೇಷೆ ಕಟ್ಟುವುದು. ಶ್ಲೇಷೆ ನಮಗೆ ಹೊಸದಲ್ಲ. ಟಿ.ಪಿ. ಕೈಲಾಸಂ ಕನ್ನಡ ಇಂಗ್ಲಿಷ್ ಎರಡನ್ನೂ ಬೆರೆಸಿ ಮಾತಿನ ಚಮತ್ಕಾರ ಮೆರೆದರು. ಬೀಚಿಯವರಂತೂ ತಮ್ಮ ಹೆಸರನ್ನೇ ಅರ್ಧ ಕನ್ನಡ ಅಕ್ಷರದಲ್ಲಿ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದರು. ವರ್ಷದ ಕೊನೆಗೆ ಮಕ್ಕಳಿಂದ ಈ ಬಳಗದ ಪದಗಳಲ್ಲೇ ಶ್ಲೇಷೆ ಕಟ್ಟಿಸುತ್ತೇನೆ. ಎರಡು ಸದ್ದಿನ ನಡುವಿನ ಅಂತರ ಸರಿಯಾಗಿ ಕೇಳಿಸಿದವರಿಗೆ ಮಾತ್ರ ಅದು ಸಾಧ್ಯ. ಪಿನ್, ಪೆನ್ ಎರಡನ್ನೂ ‘ಪಿನ್’ ಎಂದೇ ಹೇಳುವ ಅಮೆರಿಕದ ದಕ್ಷಿಣ ರಾಜ್ಯಗಳ ಜನರೂ ಇದ್ದಾರೆ ಎಂದು ಆಗಲೇ ತಿಳಿಸುತ್ತೇನೆ. ಅಲ್ಲಿ ಪೆನ್ ಬೇಕಾದರೆ ‘ಇಂಕ್ ಪೆನ್’ ಎಂದು ಬಿಡಿಸಿ ಹೇಳುವ ರೂಢಿಯೂ ಉಂಟು. ಮನೆಮಾತಿನವರಿಗೂ ಈ ತೊಡಕಿದೆ ಎಂದು ಕೇಳಿದ ಮಕ್ಕಳು ತಮ್ಮನ್ನು ತಾವು ಹಳಿದುಕೊಳ್ಳುವುದನ್ನು ಬಿಡುತ್ತಾರೆ.

10. ಬೀದಿ ಮತ್ತು ಬ್ಯಾಂಕಿಗೆ ಬೇಕಾದದ್ದನ್ನು ಮೊದಲು ಕಲಿಸಿ

ಸಂಜೆ ಹೊತ್ತು ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೂ ಕಲಿಸುತ್ತೇನೆ. ಅವರಿಗೆ ಕ್ಯಾಮೆರಾ, ಕ್ಯಾಲಿಫೋರ್ನಿಯಾ ಆಮೇಲೆ. ಮೊದಲು ಪ್ಯಾನ್, ಪಿನ್, ಪೆನ್, ಪಾನ್.

ಪೇಟೆಯ ಗಿರವಿ ಅಂಗಡಿಯ ಫಲಕದ ಮೇಲೆ ‘ಪಾನ್ ಬ್ರೋಕರ್’ ಎಂದಿರುತ್ತದೆ. ಎಲೆ ಅಡಿಕೆಯ ಪಾನ್ ಸಂಸ್ಕೃತದ ಪರ್ಣದಿಂದ ಬಂದದ್ದು. ಫಲಕದ ಮೇಲಿರುವುದು ಒತ್ತೆ ಇಡುವ ಪಾನ್, ಪಾನಿಂಗ್ ಎಂದರೆ ಒಡವೆ ಅಡ ಇಡುವುದು. ಚದುರಂಗದ ಪಾನ್ ಮೂರನೆಯದು, ಕಾಲಾಳು ಎಂದೇ ಅದರ ಮೂಲಾರ್ಥ. ಗಿರವಿ ಅಂಗಡಿಗಳಿಗೆ 1961ರ ಕರ್ನಾಟಕ ಗಿರವಿದಾರರ ಕಾಯ್ದೆ ಇದೆ, ಒಡವೆ ಇಟ್ಟಾಗ ರಸೀದಿ ಕೇಳಿ ಪಡೆಯುವುದು ನಿಮ್ಮ ಹಕ್ಕು ಎಂಬುದನ್ನು ಪದದ ಜೊತೆಗೇ ಹೇಳುತ್ತೇನೆ.

ಬ್ಯಾಂಕಿನಲ್ಲಿ ‘ಪ್ಯಾನ್ ಕೊಡ್ರಿ’ ಎಂದಾಗ ಪೆನ್ ಚಾಚುವವರನ್ನು, ಪಿನ್ ಎಂದರೆ ಪ್ಯಾನ್ ಕಾರ್ಡ್ ತೆಗೆಯುವವರನ್ನು ನಾನೇ ನೋಡಿದ್ದೇನೆ. ಸಾಲಿನಲ್ಲಿ ನಿಂತವರು ನಕ್ಕರೆ ಆ ಹೆಣ್ಣುಮಗಳು ಮತ್ತೆ ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಾಳೆ. ಅದಕ್ಕೆ ಸಂಘದ ಸಭೆಯಲ್ಲಿ ಮೂರನ್ನೂ ಕೈಯಲ್ಲಿ ಹಿಡಿಸಿ ಹೇಳಿಸುತ್ತೇನೆ. ಪ್ಯಾನ್ ಆದಾಯ ತೆರಿಗೆ ಇಲಾಖೆ ಕೊಡುವ ಕಾಯಂ ಖಾತೆ ಸಂಖ್ಯೆ: ಒಟ್ಟು 10 ಅಕ್ಷರ ಮತ್ತು ಅಂಕೆ, ಮೊದಲು ಐದು ಅಕ್ಷರ, ಆಮೇಲೆ ನಾಲ್ಕು ಅಂಕೆ, ಕೊನೆಗೆ ಒಂದು ಅಕ್ಷರ. ನಾಲ್ಕನೆಯ ಅಕ್ಷರ ‘ಪಿ’ ಇದ್ದರೆ ಅದು ಒಬ್ಬ ವ್ಯಕ್ತಿಯ ಹೆಸರಿನದು. ಅಂಚೆಯ ಪಿನ್ ಕೋಡ್ 1972ರ ಆಗಸ್ಟ್ 15ರಂದು ಬಂದದ್ದು, ಆರು ಅಂಕೆ, ಗದಗಕ್ಕೆ 582101. ಅದನ್ನು ಯಾರಿಗೆ ಹೇಳಿದರೂ ಅಡ್ಡಿಯಿಲ್ಲ. ಎಟಿಎಂ ಪಿನ್ ಸಾಮಾನ್ಯವಾಗಿ ನಾಲ್ಕು ಅಂಕೆ, ಅದು ಬ್ಯಾಂಕಿನ ಮ್ಯಾನೇಜರನಿಗೂ ಹೇಳುವಂಥದ್ದಲ್ಲ. ಫೋನಿನಲ್ಲಿ ಯಾರಾದರೂ ‘ಪ್ಯಾನ್’ ಎಂದರೋ ‘ಪಿನ್’ ಎಂದರೋ ಗೊಂದಲವಾದರೆ ಏನನ್ನೂ ಹೇಳದೆ ಫೋನ್ ಇಡಬೇಕು, ಆಮೇಲೆ ಪಾಸ್‌ಬುಕ್ ಹಿಡಿದು ಬ್ಯಾಂಕಿಗೇ ಹೋಗಿ ವಿಚಾರಿಸಬೇಕು. ಈ ಸಂಭಾಷಣೆಯನ್ನು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಆಡಿಸುತ್ತೇನೆ: ಒಬ್ಬಳು ಕರೆ ಮಾಡಿದವನಾಗುತ್ತಾಳೆ, ಇನ್ನೊಬ್ಬಳು ಫೋನ್ ಎತ್ತಿಕೊಂಡವಳು. ಪ್ಯಾನ್, ಪಿನ್ ಎರಡನ್ನೂ ಬೇಕೆಂದೇ ಕಲಸಿ ಕೇಳಲು ಕರೆ ಮಾಡಿದವಳಿಗೆ ಹೇಳಿರುತ್ತೇನೆ. ಎತ್ತಿಕೊಂಡವಳು ‘ಯಾವುದು? ಬಿಡಿಸಿ ಹೇಳ್ರಿ’ ಎಂದು ಮರುಪ್ರಶ್ನೆ ಹಾಕುವವರೆಗೆ ಆಟ ನಡೆಯುತ್ತದೆ.